ರಸ್ತೆಯಿಲ್ಲದ ದೇಶದಲ್ಲಿ ಸಂಚಾರ



ನಿಮ್ಮ ಶಾಲೆಯ ಅಟ್ಲಾಸನ್ನು ತೆರೆದು ಭಾರತದ ಭೂಪಟವಿರುವ ಪುಟಕ್ಕೆ ಬನ್ನಿ. ಮಂಗಳೂರಿನ ಮೇಲೆ ಬೆರಳಿಟ್ಟು ಅದನ್ನು ನೇರ ದಕ್ಷಿಣಕ್ಕೆ ಸರಿಸುತ್ತ ಹೋಗಿ. ಕೇರಳದ ಕರಾವಳಿ ಪೂರ್ವಕ್ಕೆ ಬಾಗಿ ನಿಮ್ಮ ಬೆರಳಿನಿಂದ ದೂರವಾಗುತ್ತದೆ. ಲಕ್ಷದ್ವೀಪದ ಚುಕ್ಕೆಗಳು ಪಶ್ಚಿಮದ ಕಡೆ ಉಳಿಯುತ್ತವೆ. ಸುಮಾರು ಸಾವಿರ ಕಿಲೋಮೀಟರ್ ನೀರೇ ನೀರು ದಾಟಿದ ಮೇಲೆ ಮಾಲೆ ಎಂಬ ಹೆಸರು ಕಾಣುತ್ತದೆ. ಅದು ಮಾಲ್ಡೀವ್ಸ್ ದೇಶದ ರಾಜಧಾನಿ.

ಟೆಲಿವಿಷನ್ ಪರದೆಯ ಮೇಲೆ ಈ ದೇಶವನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ನಿಂತ ಮರದ ಕುಟೀರಗಳು, ಮೇಲೆ ಹಾರಿಹೋಗುವ ಪುಟ್ಟ ವಿಮಾನ. ದೃಶ್ಯಮಾಧ್ಯಮದಲ್ಲಿ ದುಡಿಯುವ ನಾನೇ ಹೇಳಬೇಕು, ಈ ಚಿತ್ರಗಳು ಸುಳ್ಳಲ್ಲ, ಆದರೆ ಬಹಳ ಅರ್ಧಂಬರ್ಧ. ಅಲ್ಲಿನ ಜನ ಒಂದು ಊರಿನಿಂದ ಇನ್ನೊಂದು ಊರಿಗೆ ಹೇಗೆ ಹೋಗುತ್ತಾರೆ? ಪ್ರವಾಸಕ್ಕೆ ಹೋದವರು ಹೇಗೆ ಓಡಾಡಬಹುದು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಂಡರೆ ಮಾತ್ರ ಆ ದೇಶ ಅರ್ಥವಾಗುತ್ತದೆ.

ಮೊದಲು ಅಳತೆಗಳನ್ನು ನೋಡೋಣ. ಮಾಲ್ಡೀವ್ಸ್ ಸುಮಾರು 1,190 ಹವಳದ ದ್ವೀಪಗಳ ದೇಶ. ಇವುಗಳಲ್ಲಿ ಜನವಸತಿ ಇರುವುದು 180ಕ್ಕೂ ಸ್ವಲ್ಪ ಹೆಚ್ಚು ದ್ವೀಪಗಳಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೆ ಸುಮಾರು 300 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತಲೂ ಕಡಿಮೆ. ಆದರೆ ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗಿನ ಉದ್ದ ಸುಮಾರು 870 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ನೇರ ಗೆರೆ ಎಳೆದರೂ ಅಷ್ಟು ಉದ್ದವಾಗುವುದಿಲ್ಲ. ಅಂಗೈಯಗಲದ ನೆಲವನ್ನು ಸಾವಿರ ಚೂರು ಮಾಡಿ ಒಂದು ರಾಜ್ಯದುದ್ದಕ್ಕೂ ಹರಡಿದಂತೆ! ದೇಶದ ಜನಸಂಖ್ಯೆ ಐದು ಲಕ್ಷ ದಾಟಿದೆ. ಅವರಲ್ಲಿ ಬಹುದೊಡ್ಡ ಪಾಲು ಮಾಲೆ ಮತ್ತು ಅದರ ಸುತ್ತಮುತ್ತ ಇದೆ. ಉಳಿದವರು ಇಂಥ ಚೂರುಗಳ ಮೇಲೆ ಚದುರಿದ್ದಾರೆ.

ಈ ಚೂರುಗಳು ಅಲ್ಲಿಗೆ ಬಂದದ್ದು ಹೇಗೆ ಎಂಬುದರಲ್ಲಿ ನಮಗೂ ಒಂದು ಸಂಬಂಧವಿದೆ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ವಿದ್ಯಾರ್ಥಿಗಳಿಗೆ ಕಪ್ಪು ಕಲ್ಲು, ಎರೆಮಣ್ಣು ಹೊಸದಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದ ಒಂದು ಬಿಸಿ ತಾಣದಿಂದ ಉಕ್ಕಿದ ಲಾವಾ ಹರಡಿ ದಖ್ಖನ್ನಿನ ಆ ಕಲ್ಲಿನ ಹಾಸು ಉಂಟಾಯಿತು. ಭಾರತದ ಭೂಫಲಕ ಉತ್ತರಕ್ಕೆ ಜಾರುತ್ತ ಹೋದಂತೆ ಅದೇ ಬಿಸಿ ತಾಣ ಸಮುದ್ರದ ತಳದಲ್ಲಿ ಒಂದರ ಹಿಂದೆ ಒಂದು ಜ್ವಾಲಾಮುಖಿಗಳನ್ನು ಎಬ್ಬಿಸಿತು. ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್ ಮೂರೂ ಒಂದೇ ಸಾಲಿನಲ್ಲಿ ನಿಂತಿರುವುದು ಇದೇ ಕಾರಣದಿಂದ. ಜ್ವಾಲಾಮುಖಿಗಳು ಕಾಲಕ್ರಮದಲ್ಲಿ ಕುಸಿದು ಮುಳುಗಿದವು. ಅವುಗಳ ಅಂಚಿಗೆ ಅಂಟಿಕೊಂಡು ಬೆಳೆದ ಹವಳದ ಹುಳುಗಳು ಮಾತ್ರ ಬೆಳಕಿಗಾಗಿ ಮೇಲಕ್ಕೆ ಕಟ್ಟುತ್ತಲೇ ಹೋದವು. ನಡುವೆ ಶಾಂತವಾದ ಒಳಗಡಲು, ಸುತ್ತ ಬಳೆಯಂಥ ಹವಳದ ದಂಡೆ, ಆ ದಂಡೆಯ ಮೇಲೆ ಅಲ್ಲಲ್ಲಿ ಮರಳಿನ ದ್ವೀಪ. ಇಂಥ ಬಳೆಗೆ ಜಗತ್ತಿನ ಭಾಷೆಗಳೆಲ್ಲ ಬಳಸುವ ಅಟಾಲ್ ಎಂಬ ಪದ ಮಾಲ್ಡೀವ್ಸಿನ ದಿವೇಹಿ ಭಾಷೆಯ ಅತೊಳು ಎಂಬುದರಿಂದಲೇ ಬಂದದ್ದು. ಅಲ್ಲಿ 26 ಅಟಾಲ್‌ಗಳಿವೆ. ಅಟಾಲಿನ ಒಳಗೆ ನೀರು ಸೌಮ್ಯ. ಎರಡು ಅಟಾಲ್‌ಗಳ ನಡುವಿನ ಕಾಲುವೆಯಲ್ಲಿ ತೆರೆದ ಹಿಂದೂ ಮಹಾಸಾಗರವೇ ಹಾದುಹೋಗುತ್ತದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಪ್ರತಿಯೊಂದು ಪ್ರಯಾಣದ ಸುಖದುಃಖ ಇದನ್ನೇ ಅವಲಂಬಿಸಿದೆ.

ಇನ್ನು ವಾಹನಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯದು ದೋಣಿ. ಅವರ ಭಾಷೆಯಲ್ಲಿಯೂ ಅದರ ಹೆಸರು ದೋಣಿಯೇ! ನಾವು ಹೊಳೆ ದಾಟಲು ಬಳಸುವ ಮಾತನ್ನೇ ಅವರು ಸಾಗರ ದಾಟಲು ಬಳಸುತ್ತಾರೆ. ತೆಂಗಿನ ಮರದ ಹಲಗೆ, ಎತ್ತರಕ್ಕೆ ಬಾಗಿ ನಿಂತ ಮುಂಭಾಗ, ಹಿಂದೆ ಚುಕ್ಕಾಣಿ. ರಾ ಅಟಾಲಿನ ಅಲಿಫುಶಿ ದ್ವೀಪದ ಬಡಗಿಗಳು ದೋಣಿ ಕಟ್ಟುವುದಕ್ಕೆ ಹೆಸರಾದವರು. ಕಾಗದದ ಮೇಲೆ ನಕ್ಷೆಯನ್ನೇ ಬರೆಯದೆ, ಕಣ್ಣಳತೆಯಲ್ಲಿ ಇಡೀ ದೋಣಿಯನ್ನು ರೂಪಿಸುವ ಪರಂಪರೆ ಅವರದು. ಹಿಂದೆ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು.

ಈ ನಾರಿನ ವಿಷಯ ಬರೆದವನು ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ. ಆತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗಾಗಿ 13 ಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಆಮೇಲೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಹತ್ತು ದಿನಗಳ ಯಾನ ಮಾಡಿ 1343ರಲ್ಲಿ ಮಾಲ್ಡೀವ್ಸ್ ಸೇರಿದ. ಅಲ್ಲಿ ನ್ಯಾಯಾಧೀಶನೂ ಆದ. ಆ ದ್ವೀಪಗಳ ನಾರಿನ ಹುರಿಯಿಂದ ಭಾರತದ ಮತ್ತು ಯೆಮನ್ನಿನ ಹಡಗುಗಳನ್ನು ಹೊಲಿಯುತ್ತಾರೆ, ಹೊಲಿದ ಹಡಗು ಬಂಡೆಗೆ ತಾಗಿದರೂ ಬಾಗಿಕೊಳ್ಳುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂಬುದು ಅವನ ವಿವರಣೆ. ಹವಳದ ಬಂಡೆಗಳ ನಡುವೆ ಓಡಾಡುವವರಿಗೆ ಇದು ಎಷ್ಟು ದೊಡ್ಡ ಗುಣವೆಂದು ನೀವೇ ಊಹಿಸಬಹುದು. ಅಲ್ಲಿಂದ ಹೊರಡುತ್ತಿದ್ದ ಇನ್ನೊಂದು ಸರಕು ಕವಡೆ. ಬಂಗಾಳದಿಂದ ಆಫ್ರಿಕದವರೆಗೆ ಹಣವಾಗಿ ಚಲಾವಣೆಯಾದ ಕವಡೆಗೆ ಮಾಲ್ಡೀವ್ಸೇ ಮುಖ್ಯ ಮೂಲ. ನಾವು 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂದು ಹಗುರವಾಗಿ ಆಡುವ ಮಾತಿನ ಹಿಂದೆ ಇಷ್ಟು ದೂರದ ಯಾನವಿದೆ.

1970ರ ದಶಕದ ಮಧ್ಯದಲ್ಲಿ ದೋಣಿಗಳಿಗೆ ಡೀಸೆಲ್ ಎಂಜಿನ್ ಬರತೊಡಗಿತು. ಹಾಯಿ ಮರೆಯಾಯಿತು. ಇಂದು ಸರ್ಕಾರಿ ಫೆರ್ರಿಯಾಗಿ ಓಡುವ ಹಳೆಯ ಮಾದರಿಯ ದೋಣಿ, ಸರಕಿನ ದೋಣಿ, ಮೀನಿನ ದೋಣಿ ಎಲ್ಲವೂ ಆ ವಂಶದವೇ. ಅವು ನಿಧಾನ. ಎಷ್ಟು ನಿಧಾನ? ಇದಕ್ಕೆ ಭೌತಶಾಸ್ತ್ರವೇ ಉತ್ತರ ಹೇಳುತ್ತದೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮುಂದೆ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ದೋಣಿ ತಾನೇ ಎಬ್ಬಿಸಿದ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಕೂತುಬಿಡುತ್ತದೆ. ಅದಕ್ಕಿಂತ ವೇಗವಾಗಿ ಹೋಗಬೇಕಾದರೆ ಮುಂದಿನ ಅಲೆಯ ಏರನ್ನು ಹತ್ತಬೇಕು. ಎಂಜಿನ್ನಿಗೆ ಎಷ್ಟು ಡೀಸೆಲ್ ಸುರಿದರೂ ಬಹುಪಾಲು ವ್ಯರ್ಥ. ಈ ಮಿತಿಯನ್ನು ಲೆಕ್ಕ ಹಾಕುವ ಒಂದು ಸರಳ ಸೂತ್ರವಿದೆ. ನೀರಿಗೆ ತಾಗಿದ ದೋಣಿಯ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ನಾಲ್ಕೂವರೆಯಿಂದ ಗುಣಿಸಿ. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸುಮಾರಾಗಿ ಸಿಗುತ್ತದೆ. 15 ಮೀಟರ್ ಉದ್ದದ ದೋಣಿಗೆ ಇದು ಸುಮಾರು 17 ಕಿಲೋಮೀಟರ್. ಮಾಲೆಯಿಂದ ದಕ್ಷಿಣಕ್ಕಿರುವ ಮಾಫುಶಿ ದ್ವೀಪ 27 ಕಿಲೋಮೀಟರ್ ದೂರ. ಭಾಗಿಸಿ ನೋಡಿ. ಹಳೆಯ ಮಾದರಿಯ ಫೆರ್ರಿಗೆ ಅಲ್ಲಿಗೆ ಹೋಗಲು ಸುಮಾರು ಒಂದೂವರೆ ಗಂಟೆ ಬೇಕು ಎಂದು ಪ್ರವಾಸಿಗಳು ಗೊಣಗುತ್ತಾರಲ್ಲ, ಅದರ ಕಾರಣ ಸೋಮಾರಿತನವಲ್ಲ, ವರ್ಗಮೂಲ!

ಸ್ಪೀಡ್‌ಬೋಟ್ ಈ ಮಿತಿಯನ್ನು ಬೇರೆ ಬಗೆಯಲ್ಲಿ ಮುರಿಯುತ್ತದೆ. ಅದರ ಚಪ್ಪಟೆ ತಳ ಮತ್ತು ಬಲವಾದ ಎಂಜಿನ್ ಅದನ್ನು ನೀರಿನಿಂದ ಮೇಲಕ್ಕೆತ್ತಿ, ನೀರಿನ ಮೇಲ್ಮೈಯ ಮೇಲೆ ಜಾರಿಸಿಕೊಂಡು ಹೋಗುತ್ತವೆ. ಅದೇ ಮಾಫುಶಿ ಅರ್ಧ ಗಂಟೆ, ನಲವತ್ತು ನಿಮಿಷದ ದಾರಿಯಾಗುತ್ತದೆ. ಆದರೆ ಇಂಧನದ ಖರ್ಚು ಹಲವು ಪಟ್ಟು, ಟಿಕೆಟಿನ ಬೆಲೆಯೂ ಹಾಗೆಯೇ. ಅಟಾಲಿನ ಒಳಗೆ ಇದು ಸುಖದ ಪ್ರಯಾಣ. ಕಾಲುವೆಗೆ ಹೊರಬಿದ್ದರೆ ಪ್ರತಿ ಅಲೆಯೂ ಬೆನ್ನುಮೂಳೆಗೆ ಒಂದು ಪೆಟ್ಟು. ಹಿಂದಿನ ಸಾಲಿನಲ್ಲಿ ಕುಳಿತರೆ ಕುಲುಕಾಟ ಕಡಿಮೆ. ಏಕೆಂದರೆ ದೋಣಿ ಏರಿಳಿಯುವುದು ಮುಂದಿನ ತುದಿಯಲ್ಲಿ ಹೆಚ್ಚು.

ತಲೆಸುತ್ತು, ವಾಕರಿಕೆ ಬರುವವರಿಗೆ ಒಂದು ಮಾತು. ಒಳಕಿವಿಯಲ್ಲಿರುವ ದ್ರವ ದೇಹ ಅಲುಗುತ್ತಿದೆ ಎನ್ನುತ್ತದೆ. ದೋಣಿಯ ಒಳಗೋಡೆಯನ್ನು ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಮಿದುಳಿಗೆ ಈ ಎರಡು ಸಾಕ್ಷಿಗಳ ಜಗಳ ಬಗೆಹರಿಯುವುದಿಲ್ಲ. ಕಣ್ಣನ್ನು ಹೊರಗಿನ ದಿಗಂತದ ಗೆರೆಯ ಮೇಲಿಟ್ಟರೆ ಸಾಕ್ಷಿಗಳು ಹೊಂದಿಕೊಳ್ಳುತ್ತವೆ. ಪುಸ್ತಕ ಓದುವುದು, ಮೊಬೈಲ್ ನೋಡುವುದು ಬೇಡ.

ದೋಣಿಯ ಯಜಮಾನನನ್ನು ಅಲ್ಲಿ ಕೆಯೊಳು ಎನ್ನುತ್ತಾರೆ, ನಮ್ಮ ಕರಾವಳಿಯ ತಂಡೇಲನ ಹಾಗೆ. ಅವನ ವಿದ್ಯೆಯ ಬಹುಭಾಗ ನೀರಿನ ಬಣ್ಣವನ್ನು ಓದುವುದು. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ, ನೀಲಿಯನ್ನು ಆಳದವರೆಗೆ ಬಿಡುತ್ತದೆ. ಕಡುನೀಲಿ ಎಂದರೆ ಆಳ. ತಿಳಿ ಹಸಿರುನೀಲಿ ಎಂದರೆ ತಳದ ಬಿಳಿ ಮರಳು ಬೆಳಕನ್ನು ಹಿಂದಕ್ಕೆ ಕಳಿಸುತ್ತಿದೆ, ಅಂದರೆ ಆಳ ಕಡಿಮೆ. ಕಂದು ಮಚ್ಚೆ ಕಂಡರೆ ಮೇಲಕ್ಕೇ ಬಂದಿರುವ ಹವಳ, ಅಪಾಯ. ಸೂರ್ಯ ಬೆನ್ನ ಹಿಂದೆ ಇದ್ದಾಗ ಈ ಓದು ಸುಲಭ. ಎದುರಿಗಿದ್ದರೆ ನೀರೆಲ್ಲ ಒಂದೇ ಹೊಳಪು. ರಾತ್ರಿ ಪುಸ್ತಕವೇ ಮುಚ್ಚಿಹೋಗುತ್ತದೆ. ಈಗ ಉಪಗ್ರಹ ಆಧಾರಿತ ದಿಕ್ಸೂಚಿ ಉಪಕರಣಗಳಿವೆ ನಿಜ. ಅದಕ್ಕೂ ಬಹಳ ಮುಂಚೆ, 1834ರಿಂದ 1836ರವರೆಗೆ, ರಾಬರ್ಟ್ ಮೋರ್ಸ್‌ಬಿ ಎಂಬ ನೌಕಾಧಿಕಾರಿ ಈ ದ್ವೀಪಗಳನ್ನೆಲ್ಲ ಅಳೆದು ನಕ್ಷೆ ಮಾಡಿದ. ಅಟಾಲ್ ಹೇಗೆ ಹುಟ್ಟುತ್ತದೆಂದು 1842ರಲ್ಲಿ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಮಾಲ್ಡೀವ್ಸನ್ನು ಕಣ್ಣಿನಿಂದ ಕಂಡವನಲ್ಲ. ಅವನು ಬಳಸಿದ್ದು ಮೋರ್ಸ್‌ಬಿಯ ಈ ಅಳತೆಗಳನ್ನು.

ನೀರಿನ ಬಣ್ಣದಷ್ಟೇ ಮುಖ್ಯವಾದದ್ದು ಗಾಳಿ. ಮಾಲ್ಡೀವ್ಸಿಗೂ ನಮಗೂ ಮಾನ್ಸೂನ್ ಒಂದೇ. ನೈರುತ್ಯದ ಗಾಳಿ ಬೀಸುವ ಕಾಲಕ್ಕೆ ಅವರು ಹುಳಂಗು ಎನ್ನುತ್ತಾರೆ. ಮೇ ತಿಂಗಳಿನಿಂದ ಸುಮಾರು ನವೆಂಬರ್‌ವರೆಗೆ ಮಳೆ, ಬಿರುಗಾಳಿ, ಏರಿದ ಕಡಲು. ಈಶಾನ್ಯದ ಕಾಲ ಇರುವೈ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ, ಸೌಮ್ಯ ಕಡಲು. ಇಲ್ಲಿಯವರೆಗೆ ನಿಮ್ಮ ಭೂಗೋಳದ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಅಲ್ಲಿನ ಮೀನುಗಾರರು ವರ್ಷವನ್ನು ಇನ್ನೂ ಸಣ್ಣದಾಗಿ ವಿಂಗಡಿಸಿದ್ದಾರೆ. ಹದಿಮೂರು, ಹದಿನಾಲ್ಕು ದಿನಗಳ 27 ಭಾಗಗಳು. ಒಂದೊಂದನ್ನೂ ನಕೈ ಎನ್ನುತ್ತಾರೆ. ಹೆಸರುಗಳನ್ನು ಕೇಳಿ: ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿ, ಅದ, ಫುನೋಸ್, ಫುಸ್...

ಮನೆಯಲ್ಲಿ ಬೇಸಾಯ ಇರುವ ವಿದ್ಯಾರ್ಥಿಗಳು ಈಗಾಗಲೇ ನಕ್ಕಿರಬೇಕು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ! ನಿಮ್ಮ ಅಜ್ಜ ರೋಹಿಣಿ ಮಳೆಗೆ ಬಿತ್ತನೆ, ಆರಿದ್ರ ಮಳೆಗೆ ಇಂಥ ಕೆಲಸ ಎಂದು ಲೆಕ್ಕ ಹಾಕುವಂತೆ, ಕೆಲವೇ ದಿನಗಳ ಅಂತರದಲ್ಲಿ, ಅಲ್ಲಿನ ಅಜ್ಜ ಯಾವ ನಕೈಯಲ್ಲಿ ಕಡಲು ಏಳುತ್ತದೆ, ಯಾವುದರಲ್ಲಿ ದೂರದ ಯಾನಕ್ಕೆ ಹೊರಡಬಹುದು ಎಂದು ಲೆಕ್ಕ ಹಾಕುತ್ತಾನೆ. ಒಂದೇ ಪಂಚಾಂಗ, ಇಲ್ಲಿ ಕೂರಿಗೆಗೆ, ಅಲ್ಲಿ ಚುಕ್ಕಾಣಿಗೆ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಆದ್ದರಿಂದಲೇ ಸ್ವಲ್ಪ ಹೆಚ್ಚು ಹೊತ್ತು ಇಲ್ಲಿ ನಿಂತೆ.

ಈಗ ಪರದೆಯ ಮೇಲೆ ನೀವು ಕಾಣುವ ಆ ಪುಟ್ಟ ವಿಮಾನ. ಅದು ಕೆನಡದಲ್ಲಿ ರೂಪುಗೊಂಡ ಟ್ವಿನ್ ಆಟರ್. ಮೊದಲು ಹಾರಿದ್ದು 1965ರಲ್ಲಿ. ಗಾಲಿಗಳನ್ನು ತೆಗೆದು ಎರಡು ತೇಲುಪಾದಗಳನ್ನು ಜೋಡಿಸಿದರೆ ಅದು ನೀರಿನ ಮೇಲೆ ಇಳಿಯಬಲ್ಲದು, ನೀರಿನಿಂದ ಏಳಬಲ್ಲದು. ಸುಮಾರು ಹದಿನೈದು ಜನ ಕೂರಬಹುದು. ಇಂಥ ವಿಮಾನಗಳ ಅತಿದೊಡ್ಡ ಸಮೂಹ ಇರುವುದು ಮಾಲ್ಡೀವ್ಸಿನಲ್ಲೇ. ಹಡಗುಕಟ್ಟೆಯ ಒದ್ದೆ ಹಲಗೆಯ ಮೇಲೂ ತೇಲುಪಾದದ ಮೇಲೂ ಓಡಾಡಬೇಕಾದ್ದರಿಂದ ಪೈಲಟ್‌ಗಳು ಬರಿಗಾಲಿನಲ್ಲೇ ವಿಮಾನ ನಡೆಸುವುದುಂಟು!

ನೀರಿನಿಂದ ವಿಮಾನ ಏಳುವುದು ಗಾಲಿಯ ಮೇಲೆ ಓಡಿ ಏಳುವುದಕ್ಕಿಂತ ಕಷ್ಟ. ನೀರು ಅಂಟಿಕೊಳ್ಳುತ್ತದೆ, ಎಳೆಯುತ್ತದೆ. ತೇಲುಪಾದದ ತಳಭಾಗವನ್ನು ಗಮನಿಸಿದರೆ ನಡುವೆ ಒಂದು ಮೆಟ್ಟಿಲಿನಂಥ ಕಚ್ಚು ಕಾಣುತ್ತದೆ. ವೇಗ ಏರಿದಾಗ ಆ ಕಚ್ಚಿನ ಹಿಂದೆ ಗಾಳಿ ನುಗ್ಗಿ, ಹಿಂಭಾಗವನ್ನು ನೀರಿನ ಹಿಡಿತದಿಂದ ಬಿಡಿಸುತ್ತದೆ. ಆಮೇಲೆ ವಿಮಾನ ಸ್ಪೀಡ್‌ಬೋಟಿನಂತೆ ಜಾರಿ, ಅನಂತರ ಹಾರುತ್ತದೆ. ಇಳಿಯುವಾಗ ಒಂದು ವಿಚಿತ್ರ ಅಪಾಯವಿದೆ. ಕಡಲು ಕನ್ನಡಿಯಂತೆ ನಿಶ್ಚಲವಾಗಿದ್ದರೆ ನಮಗೆ ಅದು ಸುಂದರ ದೃಶ್ಯ. ಪೈಲಟ್‌ಗೆ ಅದೇ ತಲೆನೋವು, ಏಕೆಂದರೆ ನೀರು ಎಷ್ಟು ಕೆಳಗಿದೆ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಸಣ್ಣ ತೆರೆಗಳಿದ್ದರೆ ಅವನಿಗೆ ಸಮಾಧಾನ.

ಇದೇ ಕಾರಣಕ್ಕೆ, ಕಣ್ಣಿನ ಆಧಾರದ ಮೇಲೆಯೇ ಇಳಿಯಬೇಕಾದ್ದರಿಂದ, ಈ ವಿಮಾನಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ಮಧ್ಯಾಹ್ನ ಕಳೆದ ಮೇಲೆ ಅಂತರರಾಷ್ಟ್ರೀಯ ವಿಮಾನದಿಂದ ಇಳಿದವರಿಗೆ ಅಂದು ಸಂಪರ್ಕ ಸಿಗದೆ ಹೋಗಬಹುದು; ರಾತ್ರಿಯನ್ನು ಮಾಲೆಯಲ್ಲೋ ಪಕ್ಕದ ಹುಳುಮಾಲೆಯಲ್ಲೋ ಕಳೆಯಬೇಕು. ಸಾಮಾನಿನ ತೂಕಕ್ಕೂ ಬಿಗಿ ಮಿತಿ. ಕ್ಯಾಮೆರಾ, ಮುಕ್ಕಾಲಿ, ದೀಪಗಳನ್ನು ಹೊತ್ತು ತಿರುಗುವ ನಮ್ಮಂಥವರಿಗೆ ಇದು ಶಿಕ್ಷೆಯೇ. ಹೋಗಿಬರುವ ವೆಚ್ಚ ಒಬ್ಬರಿಗೆ ನೂರಾರು ಡಾಲರ್. ಉಪ್ಪುನೀರು ಎಂಜಿನ್ನನ್ನು ತಿನ್ನುವುದರಿಂದ ಅದನ್ನು ನಿತ್ಯ ಸಿಹಿನೀರಿನಿಂದ ತೊಳೆಯಬೇಕು ಎಂಬುದನ್ನೂ ನೆನೆದರೆ ಬೆಲೆ ಏಕೆ ಹೆಚ್ಚೆಂದು ತಿಳಿಯುತ್ತದೆ.

ದೂರದ ಅಟಾಲ್‌ಗಳಿಗೆ ಸಾಧಾರಣ ವಿಮಾನಗಳೂ ಇವೆ. ಹದಿನೈದಕ್ಕೂ ಹೆಚ್ಚು ದೇಶೀಯ ನಿಲ್ದಾಣಗಳಿವೆ, ಉತ್ತರದ ಹನಿಮಾಧೂವಿನಿಂದ ಹಿಡಿದು ಭೂಮಧ್ಯರೇಖೆಯನ್ನು ದಾಟಿದ ಮೇಲಿನ ಗನ್‌ವರೆಗೆ. ಗನ್ ನಿಲ್ದಾಣ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ್ದು. ಅವರು ಅಲ್ಲಿಂದ ಹೊರಟದ್ದು 1976ರಲ್ಲಿ. ಮಾಲೆಯಿಂದ ಗನ್‌ಗೆ ನೇರ ಗೆರೆಯಲ್ಲಿ ಸುಮಾರು 540 ಕಿಲೋಮೀಟರ್. ಇಂಥ ದೂರಕ್ಕೆ ಇದೇ ಸರಿಯಾದ ವಾಹನ.

ಮಾಲೆಯ ವಿಮಾನ ನಿಲ್ದಾಣವೂ ಒಂದು ದ್ವೀಪವೇ. ಅದರ ಹೆಸರು ಹುಳುಲೆ. 1960ರಲ್ಲಿ ಅಲ್ಲಿ ಹಾಸಿದ್ದು ಉಕ್ಕಿನ ತಗಡಿನ ಓಡುದಾರಿ. 1981ರಲ್ಲಿ ಅದು ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಬಹಳ ಕಾಲ ವಿಮಾನದಿಂದ ಇಳಿದವರು ದೋಣಿ ಹತ್ತಿಯೇ ರಾಜಧಾನಿಗೆ ಹೋಗಬೇಕಿತ್ತು. 2018ರ ಆಗಸ್ಟ್‌ನಲ್ಲಿ ಚೀನಾದ ನೆರವಿನ ಸಿನಮಾಲೆ ಸೇತುವೆ ತೆರೆದ ಮೇಲೆ ಬಸ್ಸು, ಟ್ಯಾಕ್ಸಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ದಾಟಬಹುದು. ಮಾಲೆಯಿಂದ ಪಶ್ಚಿಮದ ದ್ವೀಪಗಳಿಗೆ ಭಾರತದ ನೆರವಿನ ಇನ್ನೊಂದು ದೊಡ್ಡ ಸೇತುವೆಗೆ 2021ರಲ್ಲಿ ಗುತ್ತಿಗೆ ಆಯಿತು. ಮಾಲೆಯ ಒಳಗೆ ಓಡಾಡಲು ಕಾಲೇ ಸಾಕು. ಸಂದಿಗೊಂದಿಗಳಲ್ಲಿ ಮೋಟಾರ್ ಸೈಕಲ್‌ಗಳ ಸಂತೆ, ದಾಟುವಾಗ ಎಚ್ಚರ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೇ ಓಡುತ್ತವೆ. ಲಾಮು ಮತ್ತು ಅದ್ದು ಅಟಾಲ್‌ಗಳಲ್ಲಿ ಹಲವು ದ್ವೀಪಗಳನ್ನು ಜೋಡಿಸಿ ಹದಿನೈದು ಕಿಲೋಮೀಟರಿನ ಆಸುಪಾಸಿನ ರಸ್ತೆಗಳಿವೆ. ಅಲ್ಲಿ ಸೈಕಲ್ ಬಾಡಿಗೆಗೆ ಪಡೆದು ತಿರುಗಬಹುದು.

ಇಲ್ಲಿಯವರೆಗೆ ಹೇಳಿದ್ದು ವಾಹನಗಳ ವಿಷಯ. ಈಗ ಆ ವಾಹನಗಳಲ್ಲಿ ಕೂರುವವರ ವಿಷಯ.

ಪ್ರವಾಸೋದ್ಯಮ ಅಲ್ಲಿ ಶುರುವಾದದ್ದು 1972ರಲ್ಲಿ, ಕುರುಂಬಾ ಎಂಬ ಮೊದಲ ವಿಹಾರಧಾಮದೊಂದಿಗೆ. ಒಂದು ದ್ವೀಪಕ್ಕೆ ಒಂದು ವಿಹಾರಧಾಮ ಎಂಬುದು ನಿಯಮದಂತಾಯಿತು. ಜನವಸತಿಯ ದ್ವೀಪಗಳು ಬೇರೆ, ಪ್ರವಾಸಿಗಳ ದ್ವೀಪಗಳು ಬೇರೆ. ಹೀಗಾಗಿ ಒಂದೇ ಕಡಲಿನ ಮೇಲೆ ಎರಡು ಸಂಚಾರ ವ್ಯವಸ್ಥೆಗಳು ಬೆಳೆದವು. ಒಂದು, ಅತಿಥಿ ವಿಮಾನದಿಂದ ಇಳಿದ ಗಳಿಗೆಯಲ್ಲೇ ಸ್ಪೀಡ್‌ಬೋಟು, ಸಮುದ್ರವಿಮಾನಗಳೊಂದಿಗೆ ಸಿದ್ಧವಾಗಿ ನಿಂತದ್ದು. ಇನ್ನೊಂದು, ದ್ವೀಪದವರು ಅಕ್ಕಿ ಮೂಟೆ, ಈರುಳ್ಳಿ ಚೀಲ, ಗ್ಯಾಸ್ ಸಿಲಿಂಡರುಗಳ ಜೊತೆ ಸರಕಿನ ದೋಣಿಯಲ್ಲಿ ರಾತ್ರಿಯೆಲ್ಲ ಕುಳಿತು ಮಾಲೆಗೆ ಬರುತ್ತಿದ್ದದ್ದು. ಮಾಲೆಯಿಂದ ಉತ್ತರದ ಕುಳುದುಫುಶಿ ನೇರ ಗೆರೆಯಲ್ಲೇ ಸುಮಾರು 275 ಕಿಲೋಮೀಟರ್. ಆಗಲೇ ಹೇಳಿದ ಸೂತ್ರವನ್ನು ಇದಕ್ಕೆ ಹಾಕಿ ನೋಡಿದರೆ ಆ ರಾತ್ರಿ ಎಷ್ಟು ದೀರ್ಘವೆಂದು ಗೊತ್ತಾಗುತ್ತದೆ. ಮೇಲಿನ ಓದಿಗೆ ಮಾಲೆಗೆ ಹೋಗುವುದು ದಶಕಗಳ ರೂಢಿ. ನಿಮ್ಮ ವಯಸ್ಸಿನವರು ಮನೆ ಬಿಟ್ಟು ರಾಜಧಾನಿಯಲ್ಲಿ ಬಂಧುಗಳ ಮನೆಯ ಕಿರುಕೋಣೆಗಳಲ್ಲಿ ಇದ್ದು ಓದಿದ್ದಾರೆ.

ರೋಗಿಗಳ ಕಷ್ಟ ಇನ್ನೂ ದೊಡ್ಡದು. ಭಾರತದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ 1995ರಲ್ಲಿ ಮಾಲೆಯಲ್ಲಿ ಆರಂಭವಾಯಿತು. ಆದರೆ ಸಣ್ಣ ದ್ವೀಪದಲ್ಲಿರುವುದು ಒಂದು ಆರೋಗ್ಯ ಕೇಂದ್ರ. ಹುಳಂಗಿನ ರಾತ್ರಿಯಲ್ಲಿ ಹೆರಿಗೆ ಕಷ್ಟವಾದರೆ, ಎದೆನೋವು ಬಂದರೆ ಏನು ಮಾಡುವುದು? ಸಮುದ್ರವಿಮಾನಕ್ಕೆ ಬೆಳಕು ಬೇಕು, ಸ್ಪೀಡ್‌ಬೋಟಿಗೆ ಸೌಮ್ಯ ಕಡಲು ಬೇಕು. ಈಚಿನ ವರ್ಷಗಳಲ್ಲಿ ಸರ್ಕಾರ ಆಂಬ್ಯುಲೆನ್ಸ್ ದೋಣಿಗಳನ್ನು ತಂದಿದೆ. ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಎರಡು ಧ್ರುವ ಹೆಲಿಕಾಪ್ಟರ್‌ಗಳನ್ನೂ ಒಂದು ಡಾರ್ನಿಯರ್ ವಿಮಾನವನ್ನೂ ಭಾರತ ಕೊಟ್ಟಿತು. ರೋಗಿಗಳನ್ನು ಸಾಗಿಸಲು ಅವು ಬಳಕೆಯಾದವು. ಅವುಗಳೊಂದಿಗೆ ಭಾರತೀಯ ಸೈನಿಕರು ಇರುವುದು ಅಲ್ಲಿ ರಾಜಕೀಯ ವಿವಾದವಾಗಿ, 2024ರಲ್ಲಿ ಅವರ ಜಾಗಕ್ಕೆ ನಾಗರಿಕ ತಂತ್ರಜ್ಞರು ಹೋದರು. ರಾಜಧಾನಿಯಲ್ಲಿ ಕುಳಿತವರಿಗೆ ಅದು ಚರ್ಚೆಯ ವಿಷಯ. ದೂರದ ದ್ವೀಪದಲ್ಲಿ ಮಗುವಿನ ಜ್ವರ ಏರುತ್ತಿರುವ ತಾಯಿಗೆ ಯಾವುದಾದರೂ ಒಂದು ರೆಕ್ಕೆಯ ಸದ್ದು ಕೇಳಿದರೆ ಸಾಕು.

ಎರಡು ವ್ಯವಸ್ಥೆಗಳ ನಡುವಿನ ಗೋಡೆ ತೆಳುವಾಗತೊಡಗಿದ್ದು 2009ರ ನಂತರ. ಜನವಸತಿಯ ದ್ವೀಪಗಳಲ್ಲೂ ಸಣ್ಣ ಅತಿಥಿಗೃಹಗಳನ್ನು ನಡೆಸಲು ಆಗ ಅನುಮತಿ ಸಿಕ್ಕಿತು. ಅದೇ ಹೊತ್ತಿಗೆ ದೇಶವ್ಯಾಪಿ ಸಾರ್ವಜನಿಕ ಫೆರ್ರಿ ಜಾಲವನ್ನು ಹೆಣೆಯುವ ಪ್ರಯತ್ನವೂ ಶುರುವಾಯಿತು. 2022ರಿಂದ, ಮೊದಲು ಉತ್ತರದ ಅಟಾಲ್‌ಗಳಲ್ಲಿ, ವೇಗದ ಸರ್ಕಾರಿ ಫೆರ್ರಿಗಳು ಓಡತೊಡಗಿದವು. ಪ್ರವಾಸಿ ಆ ದೋಣಿ ಹತ್ತಿದ ದಿನ ಶಾಲೆಯ ಮಾಸ್ತರರ ಪಕ್ಕದಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳುವ ಅಜ್ಜಿಯ ಪಕ್ಕದಲ್ಲಿ ಕುಳಿತ. ನನ್ನ ಅಭಿಪ್ರಾಯ ಕೇಳಿದರೆ, ಸಮುದ್ರವಿಮಾನದ ಕಿಟಕಿಯಿಂದ ಕಾಣುವ ಬಳೆಗಳ ಸಾಲು ಅದ್ಭುತವೇ ಸರಿ, ಒಂದು ಸಲ ನೋಡಲೇಬೇಕಾದದ್ದು. ಆದರೆ ದೇಶ ಕಾಣುವುದು ಫೆರ್ರಿಯ ಬೆಂಚಿನಿಂದ.

ಇನ್ನೊಂದು ಲೆಕ್ಕವೂ ಇದೆ. 2024ರಲ್ಲಿ ಮಾಲ್ಡೀವ್ಸಿಗೆ ಬಂದ ಪ್ರವಾಸಿಗಳು 20 ಲಕ್ಷಕ್ಕೂ ಹೆಚ್ಚು. ದೇಶದ ಜನಸಂಖ್ಯೆಯ ಸುಮಾರು ನಾಲ್ಕು ಪಟ್ಟು. ದೋಣಿಗೆ, ವಿಮಾನಕ್ಕೆ, ವಿದ್ಯುತ್ತಿಗೆ, ಕುಡಿಯುವ ನೀರನ್ನು ಕಡಲಿನಿಂದ ತೆಗೆಯುವುದಕ್ಕೆ ಬೇಕಾದ ಎಣ್ಣೆಯನ್ನೆಲ್ಲ ಹಡಗಿನಲ್ಲಿ ಹೊರಗಿನಿಂದ ತರಬೇಕು. ಆ ದೇಶದ ನೈಸರ್ಗಿಕ ನೆಲದ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಎರಡೂವರೆ ಮೀಟರಿಗಿಂತ ಕಡಿಮೆ. ಜಗತ್ತಿನಲ್ಲೆಲ್ಲ ಎಣ್ಣೆ ಉರಿದಂತೆ ಕಡಲು ಏರುವುದು ಅವರ ಅಂಗಳಕ್ಕೆ. 2004ರ ಡಿಸೆಂಬರ್ 26ರ ಸುನಾಮಿ ಅಲ್ಲಿ ಎಂಬತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಂದೊಳುಧೂ ಎಂಬ ದ್ವೀಪದ ಊರಿಗೆ ಊರೇ ಬೇರೆ ದ್ವೀಪಕ್ಕೆ ಹೋಗಿ ನೆಲೆಸಬೇಕಾಯಿತು. ಆ ನಿಧಾನದ ದೋಣಿ ಒಬ್ಬೊಬ್ಬ ಪ್ರಯಾಣಿಕನಿಗೆ ಕಡಿಮೆ ಎಣ್ಣೆ ಸುಡುತ್ತದೆ ಎಂಬ ಮಾತಿಗೆ ಅಲ್ಲಿ ಬೇರೆಯೇ ತೂಕವಿದೆ.

ನೀವು ದೊಡ್ಡವರಾಗಿ ಎಂದಾದರೂ ಹೋಗುವುದಾದರೆ ಕೆಲವು ಮಾತುಗಳನ್ನು ಬರೆದಿಟ್ಟುಕೊಳ್ಳಿ. ಕೊಚ್ಚಿ, ತಿರುವನಂತಪುರಗಳಿಂದ ಮಾಲೆ ಹತ್ತಿರ. ತಿರುವನಂತಪುರದಿಂದ ಸುಮಾರು 600 ಕಿಲೋಮೀಟರ್. ಮೊದಲ ಸಲ ಹೋಗುವವರು ಇರುವೈ ಕಾಲವನ್ನು ಆರಿಸಿಕೊಳ್ಳುವುದು ಮೇಲು. ಯಾವ ಅಟಾಲಿನ ಯಾವ ದ್ವೀಪ ಎಂದು ನಿಶ್ಚಯಿಸುವ ಮುಂಚೆ ಅಲ್ಲಿಗೆ ವಾರದಲ್ಲಿ ಎಷ್ಟು ದಿನ ಫೆರ್ರಿ ಇದೆ ಎಂದು ನೋಡಿ, ಆಮೇಲೆ ಕೋಣೆ ಕಾದಿರಿಸಿ. ಬಹಳ ಜನ ಇದನ್ನು ಹಿಂದುಮುಂದಾಗಿ ಮಾಡಿ ಕೊನೆಗೆ ಸ್ಪೀಡ್‌ಬೋಟಿಗೆ ದುಡ್ಡು ಸುರಿಯುತ್ತಾರೆ. ದೋಣಿ ಯಾವುದೇ ಇರಲಿ, ರಕ್ಷಾ ಜಾಕೆಟ್ ಎಲ್ಲಿದೆ ಎಂದು ಹತ್ತಿದ ಕೂಡಲೇ ನೋಡಿಕೊಳ್ಳಿ. ಶುಕ್ರವಾರ ಅಲ್ಲಿ ವಾರದ ರಜೆ, ಬಹಳ ಫೆರ್ರಿಗಳು ಓಡುವುದಿಲ್ಲ. ಗಾಳಿ ಎದ್ದರೆ ಉಳಿದ ದಿನಗಳಲ್ಲೂ ಓಡುವುದಿಲ್ಲ. ಕೆಯೊಳು ಇವತ್ತು ಬೇಡ ಎಂದರೆ ವಾದಿಸಬೇಡಿ. ಊರಿಗೆ ಮರಳುವ ವಿಮಾನ ಶನಿವಾರದ್ದಾದರೆ ಗುರುವಾರವೇ ಬಂದು ಮಾಲೆ ಸೇರಿಬಿಡಿ.